ಹುರುಪೆ

ಕೋಳಿಗೂಡಿನ ಅಡ್ಡಗೋಲು ಒದ್ದೆಯಾಗಿ ಕಾಣುತ್ತಿದೆಯೇ ಎಂದು ಅವನು ಮತ್ತೊಮ್ಮೆ ಬಗ್ಗಿ ನೋಡಿದ. ಕಾಣುತ್ತಿತ್ತು. ಆದರೆ ಬಿಸಿಲು ಏರುತ್ತಿತ್ತು. ಹೆಂಡತಿ ಬರುವುದು ತಡವಾದರೆ ಮರ ಒಣಗಿಬಿಡುತ್ತದೆ, ಒಣಗಿದರೆ ತೊಳೆದದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ. ಹಾಗೆ ನೋಡಿದರೆ ಅವನು ತೊಳೆದೂ ಇರಲಿಲ್ಲ. ಕೋಳಿಗಳು ರಾತ್ರಿ ಕೂರುವ ಈ ಕೋಲನ್ನು ಹೊರಗೆ ತೆಗೆದು, ಕುದಿಯುವ ನೀರು ಹೊಯ್ದು, ಬಿರುಕುಗಳನ್ನು ಚಾಕುವಿನ ಮೊನೆಯಿಂದ ಕೆರೆದು, ಒಣಗಿದ ಮೇಲೆ ಎಣ್ಣೆ ತಿಕ್ಕಬೇಕು, ಇಲ್ಲದಿದ್ದರೆ ಅವುಗಳ ಕಾಲಿಗೆ ಎಷ್ಟು ಮದ್ದು ಹಚ್ಚಿದರೂ ನುಸಿ ಮತ್ತೆ ಹತ್ತುತ್ತದೆ ಎಂದು ಅವಳು ಬಂದಾಗಲೆಲ್ಲ ಹೇಳಿ ಹೋಗುತ್ತಿದ್ದಳು. ಅವನು ಒಳ್ಳೆಯ ಗಂಡನ ಹಾಗೆ ತಲೆಯಾಡಿಸುತ್ತಿದ್ದ. ಮಾಡುತ್ತಿದ್ದುದು ಇಷ್ಟೇ: ಅವಳು ಬರುವ ದಿನ ಬೆಳಿಗ್ಗೆ ಒಂದು ಚೊಂಬು ತಣ್ಣೀರು ತಂದು ಕೋಲಿನ ಮೇಲೆ ಸುರಿದು ಅಂಗೈಯಿಂದ ಸವರುವುದು. ನುಸಿಗಳಿಗೂ ವಾರಕ್ಕೊಂದು ಸ್ನಾನವಾದಂತಾಯಿತು ಎಂದು ಮೊದಲ ಸಲ ತನ್ನಷ್ಟಕ್ಕೆ ತಾನೇ ನಕ್ಕಿದ್ದ. ಈ ದಿನ ನಗು ಬರಲಿಲ್ಲ, ಏಕೆಂದರೆ ಪೈಜಾಮಿ ಇನ್ನೂ ಗೂಡಿನಿಂದ ಹೊರಗೆ ಬಂದಿರಲಿಲ್ಲ.

ಪಾದದವರೆಗೂ ಪುಕ್ಕ ಇಳಿಬಿದ್ದು ಪೈಜಾಮ ತೊಟ್ಟಂತೆ ಕಾಣುವುದರಿಂದ ಆ ಕೋಳಿಗೆ ಹೆಂಡತಿ ಇಟ್ಟ ಹೆಸರು ಅದು. ಉಳಿದೆರಡು, ಬೂದಿ ಮತ್ತು ಕೆಂಚಿ, ಹಿತ್ತಿಲ ಗೋಡೆಯ ಬುಡದಲ್ಲಿ ಕೆದಕುತ್ತಿದ್ದವು. ಅವುಗಳ ಕಾಲೂ ನೆಟ್ಟಗಿರಲಿಲ್ಲ, ಆದರೆ ಓಡಾಡುತ್ತಿದ್ದವು. ಮೂರೂ ಅವಳವೇ. ಅವಳೇ ತಂದದ್ದು, ಅವಳೇ ಸಾಕಿದ್ದು. ಈ ಮನೆಯಲ್ಲಿ ಅವಳದ್ದೆಂದು ಉಸಿರಾಡುವುದು ಉಳಿದಿದ್ದರೆ ಈ ಮೂರೇ. ಇವುಗಳ ಕಾಲು ವಾಸಿಯಾದ ದಿನ ಅವಳು ಇವನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಅಕ್ಕನ ಮನೆಗೆ ಹೋಗುತ್ತಾಳೆ, ಆಮೇಲೆ ಈ ಬಾಗಿಲಿಗೆ ಬರಲು ಅವಳಿಗೆ ಯಾವ ನೆಪವೂ ಇರುವುದಿಲ್ಲ. ಆದ್ದರಿಂದ ಕಾಲು ವಾಸಿಯಾಗಬಾರದು. ಹೀಗೆ ಬಿಡಿಸಿ ಹೇಳಿಕೊಂಡಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಹಾಗಾಗಿ ಅವನು ಬಿಡಿಸಿ ಹೇಳಿಕೊಳ್ಳುತ್ತಿರಲಿಲ್ಲ. ಇವತ್ತು ಬೇಡ, ನಾಳೆ ತೊಳೆದರಾಯಿತು ಎನ್ನುತ್ತಿದ್ದ. ಒಮ್ಮೆ ನೀರನ್ನು ಕುದಿಸಿಯೂ ಇದ್ದ. ಆವಿಯೇಳುವ ಪಾತ್ರೆಯನ್ನು ಹಿಡಿದು ಹಿತ್ತಿಲ ಬಾಗಿಲವರೆಗೆ ಬಂದವನು ಸ್ವಲ್ಪ ಹೊತ್ತು ನಿಂತು, ವಾಪಸು ಹೋಗಿ, ಅದೇ ನೀರಿಗೆ ತಣ್ಣೀರು ಬೆರೆಸಿ ತಾನೇ ಸ್ನಾನ ಮಾಡಿಬಿಟ್ಟಿದ್ದ. ಮೈ ಹಗುರಾಗಿತ್ತು. ಮನಸ್ಸು ಆಗಿರಲಿಲ್ಲ.

ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಜಗಳವಾಗಿದ್ದರೆ ತಪ್ಪಾಯಿತು ಎನ್ನಬಹುದಿತ್ತು, ಅವಳು ಮುಖ ತಿರುಗಿಸಬಹುದಿತ್ತು, ಯಾರಾದರೂ ನಡುವೆ ಬಂದು ಇಬ್ಬರಿಗೂ ಬೈದು ಒಟ್ಟು ಮಾಡಬಹುದಿತ್ತು. ಅವಳು ಹೋದದ್ದು ಅಕ್ಕನಿಗೆ ಆಪರೇಷನ್ ಆದಾಗ ಅಡಿಗೆಗೆ ನೆರವಾಗಲೆಂದು. ಅಕ್ಕ ಎದ್ದು ಓಡಾಡಿದಳು, ಅವಳು ಬರಲಿಲ್ಲ. ಅಕ್ಕ ತಾನೇ ಅಡಿಗೆ ಮಾಡಿದಳು, ಅವಳು ಬರಲಿಲ್ಲ. ಫೋನಿನಲ್ಲಿ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕೋಳಿಗೆ ಕಾಳು ಹಾಕಿದಿರಾ, ಹಾಕಿದೆ, ನೀರು, ಇಟ್ಟೆ. ಅವನು ಕಾಳು ಹಾಕುತ್ತಿದ್ದದ್ದು ನಿಜ. ಬಾಗಿಲಲ್ಲಿ ನಿಂತು ಎರಚಿ, ಅವು ಓಡಿ ಬರುವಷ್ಟರಲ್ಲಿ ತಿರುಗಿ ಒಳಗೆ ಹೋಗುತ್ತಿದ್ದ. ಅವಳಿಗೂ ಹಾಗೆಯೇ ಮಾಡುತ್ತಿದ್ದೆನೇ ಎಂದು ಒಂದು ದಿನ ಹಲ್ಲುಜ್ಜುತ್ತಿರುವಾಗ ಅನ್ನಿಸಿ, ಬಾಯಿಯಲ್ಲಿ ನೊರೆ ತುಂಬಿಕೊಂಡು ಕನ್ನಡಿಯ ಮುಂದೆ ಹಾಗೆಯೇ ನಿಂತಿದ್ದ. ಚಪ್ಪಲಿ ಅಂಗಡಿಯಿಂದ ಬಂದವನೇ ಗೋಡೆಗೆ ಒರಗಿ ಕೂರುವುದು, ಅವಳು ಏನಾದರೂ ಹೇಳಿದರೆ ಹೂಂ ಎನ್ನುವುದು. ದಿನವಿಡೀ ಗಿರಾಕಿಗಳ ಮುಂದೆ ಮಾತಾಡಿ ಮಾತಾಡಿ ನಾಲಿಗೆ ಸವೆದಿದೆ ಎಂದು ಅವನ ಲೆಕ್ಕ. ಅವಳ ಪಾಲಿಗೆ ಉಳಿಯುತ್ತಿದ್ದದ್ದು ಹೂಂ ಒಂದೇ.

ಅಂಗಡಿಯಲ್ಲಿ ಅವನ ಹೆಸರು ಅಳತೆ. "ಅಳತೇನ ಕರೀರಿ," ಎನ್ನುತ್ತಿದ್ದ ಯಜಮಾನ. ಯಾರೇ ಒಳಗೆ ಬರಲಿ, ಅವರು ಬೆಂಚಿನ ಮೇಲೆ ಕೂರುವ ಮೊದಲೇ ಪಾದದ ಉದ್ದ ಅಗಲ ಹೇಳಿಬಿಡುತ್ತಿದ್ದ. ಊರಿನವರ ಕಾಲಿನ ಕಷ್ಟವೆಲ್ಲ ಅವನಿಗೆ ಗೊತ್ತಿತ್ತು: ಯಾರ ಹೆಬ್ಬೆರಳು ಒಳಕ್ಕೆ ಸೊಟ್ಟಗಾಗಿದೆ, ಯಾರು ಬಿಗಿ ಬೂಟನ್ನೇ ಕೇಳಿ ಹಾಕಿಕೊಂಡು ಆಮೇಲೆ ಕುಂಟುತ್ತಾರೆ. ಅಂಥವನು ತನ್ನ ಹೆಂಡತಿಯ ಎಡಗಾಲಿನ ಚಪ್ಪಲಿಯ ಹಿಮ್ಮಡಿ ಒಂದೇ ಮಗ್ಗುಲಿಗೆ ಸವೆಯುತ್ತದೆ ಎಂಬುದನ್ನು ನೋಡಿದ್ದು ಅವಳು ಹೋದ ಮೇಲೆ, ಬಾಗಿಲ ಹಿಂದೆ ಬಿಟ್ಟಿದ್ದ ಹಳೆಯ ಜೊತೆಯಲ್ಲಿ. ಹಾಗೆ ಸವೆಯಬೇಕಾದರೆ ಮಂಡಿ ನೋಯುತ್ತಿರಬೇಕು. ವರ್ಷಗಟ್ಟಲೆ ನೋಯುತ್ತಿರಬೇಕು. ಬೇರೆ ಯಾರದಾದರೂ ಚಪ್ಪಲಿಯಾಗಿದ್ದರೆ ಅವನು ತಕ್ಷಣ, "ಅಮ್ಮಾ, ಮಂಡಿ ನೋವಿದೆಯಾ?" ಎಂದು ಕೇಳುತ್ತಿದ್ದ, ಅವರು ಹೇಗೆ ಗೊತ್ತಾಯ್ತಪ್ಪಾ ಎಂದು ಬೆರಗಾಗುತ್ತಿದ್ದರು. ಆ ಜೊತೆಯನ್ನು ಅವನು ಬಾಗಿಲ ಹಿಂದೆಯೇ ಬಿಟ್ಟಿದ್ದ. ಹಳೆಯ ಚಪ್ಪಲಿಗಾಗಿ ಯಾರೂ ವಾಪಸು ಬರುವುದಿಲ್ಲವೆಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರು?

ನಿನ್ನೆ ಒಬ್ಬ ದೊಡ್ಡ ಮನುಷ್ಯ ಫೋನಿನಲ್ಲಿ ಮಾತಾಡುತ್ತಲೇ ಕಾಲು ಚಾಚಿ ಕೂತಿದ್ದ. ತೊಡಿಸಿದ ಬೂಟು ಹಿಡಿಸದಿದ್ದಾಗ ಮಾತು ನಿಲ್ಲಿಸಲು ಮನಸ್ಸಿಲ್ಲದೆ, ಬೂಟಿನ ತುದಿಯಿಂದಲೇ ಅವನ ಭುಜವನ್ನು ಹಿಂದಕ್ಕೆ ತಳ್ಳಿ, ಬೇರೆ ತಾ ಎಂದು ಸನ್ನೆ ಮಾಡಿದ. ಯಜಮಾನ ನೋಡಿ ಹುಳ್ಳಗೆ ನಕ್ಕ. ಅವನೂ ನಕ್ಕ. ಮುಖಕ್ಕೆ ಹೊಡೆದಂತಾಗಿದ್ದರೂ ನಕ್ಕ. ಬೇರೆ ದಿನವಾಗಿದ್ದರೆ ಆ ನಗು ಮನೆಯವರೆಗೂ ಬಂದು ರಾತ್ರಿಯಿಡೀ ಕಚ್ಚುತ್ತಿತ್ತು. ನಿನ್ನೆ ಹಾಗಾಗಲಿಲ್ಲ. ಮಂಡಿಯೂರಿದವನು ಏಳುತ್ತಿದ್ದಂತೆಯೇ ನಾಳೆ ಅವಳು ಬರುತ್ತಾಳೆ ಎಂಬುದು ನೆನಪಾಗಿ, ಅವಮಾನವೆಲ್ಲ ಬೇರೆ ಯಾರದೋ ಎಂಬಂತೆ ಜಾರಿಹೋಯಿತು. ನಾಳೆ ಅವಳು ಎದುರಿಗೆ ಕೂರುತ್ತಾಳೆ. ತೊಡೆಯ ಮೇಲೆ ಕೋಳಿಯನ್ನು ಅವುಚಿಕೊಂಡು ಅವನು ಅದರ ಕಾಲುಗಳನ್ನು ಉಗುರು ಬೆಚ್ಚಗಿನ ಸೋಪುನೀರಿಗೆ ಇಳಿಬಿಡುತ್ತಾನೆ, ಅವಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜುತ್ತಾಳೆ, ನೀರೊಳಗೆ ಒಮ್ಮೊಮ್ಮೆ ಅವಳ ಬೆರಳು ಅವನ ಬೆರಳಿಗೆ ತಾಗುತ್ತದೆ. ಇಬ್ಬರೂ ಕೈ ಹಿಂದೆಗೆದುಕೊಳ್ಳುವುದಿಲ್ಲ. ಮಾತೂ ಆಡುವುದಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದಾಗ ಸಿಗದದ್ದು ಈ ತಟ್ಟೆಯಷ್ಟಗಲದ ನೀರಿನಲ್ಲಿ ಸಿಗುತ್ತಿತ್ತು.

ಎಲ್ಲಕ್ಕಿಂತ ಅವನಿಗೆ ಬೇಕಾಗಿದ್ದದ್ದು ಅವಳ ನಗು. ಮೊದಲ ದಿನ ಅವಳು ನಕ್ಕಿದ್ದಳು. ಅಕ್ಕನ ಹಿತ್ತಿಲಲ್ಲಿ ಜಾಗವಿದೆ, ಕೋಳಿಗಳನ್ನು ತೆಗೆದುಕೊಂಡು ಹೋಗುತ್ತೇನೆ ಎಂದು ಅವಳು ಫೋನು ಮಾಡಿದಾಗಲೇ ಅವನು ಹಿತ್ತಿಲಿಗೆ ಹೋಗಿ ಅವುಗಳನ್ನು ಸರಿಯಾಗಿ ನೋಡಿದ್ದು. ಕಾಲಿನ ನುಣುಪು ಪದರಗಳೆಲ್ಲ ಮೇಲೆದ್ದು, ಬಿಳಿಚಿ, ಗೋಡೆಯ ಸುಣ್ಣ ಎದ್ದಂತೆ ಹುರುಪೆಗಟ್ಟಿದ್ದವು. ಚಪ್ಪಲಿ ಅಂಗಡಿಯವನಿಗೆ ಇನ್ನೇನು ಹೊಳೆದೀತು? ತೊಗಲು ಹಳೆಯದಾದರೆ ಹೀಗೇ ಸಿಪ್ಪೆಯೇಳುತ್ತದೆ, ಕ್ರೀಮು ತಿಕ್ಕಿದರೆ ಸರಿಹೋಗುತ್ತದೆ. ಅಂಗಡಿಯಿಂದ ಕಂದು ಪಾಲಿಶಿನ ಡಬ್ಬಿ ತಂದು, ಮೂರಕ್ಕೂ ಬಟ್ಟೆಯಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದ. ಕೋಳಿಗಳು ಬೊಬ್ಬೆ ಹೊಡೆದಿದ್ದವು. ಅವಳು ಬಂದು ಬೂದಿಯನ್ನು ಎತ್ತಿಕೊಂಡು ಮೂಗು ಸಿಂಡರಿಸಿದಳು.

"ಏನಿದು ವಾಸನೆ?"

"ಯಾವ ವಾಸನೆ?"

"ರೀ, ಕೋಳಿ ಕಾಲಿಗೆ ಬೂಟ್ ಪಾಲಿಶ್ ಹಚ್ಚಿದ್ದೀರಾ?"

"ಒರಟಾಗಿತ್ತು. ವಯಸ್ಸಾಯ್ತೇನೋ ಅಂತ..."

"ಅಯ್ಯೋ ದೇವರೇ. ಯಾವ ಮದುವೆಗೆ ಹೊರಡಿಸಿದ್ರಿ ಇವನ್ನ?" ಎಂದವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಬಾವಿಕಟ್ಟೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ಪೆಚ್ಚಾಗಿ ನಿಂತವನು ಆಮೇಲೆ ತಾನೂ ನಕ್ಕ. ಆಮೇಲೆ ಅವಳು ಒಂದು ಹುರುಪೆಯನ್ನು ಉಗುರಿನಿಂದ ಮೆಲ್ಲಗೆ ಎತ್ತಿ ತೋರಿಸಿದಳು. ಅದರಡಿಯಲ್ಲಿ ಹಿಟ್ಟಿನಂಥ ಪುಡಿ. ಕಣ್ಣಿಗೆ ಕಾಣದ ನುಸಿ ಪದರದ ಕೆಳಗೆ ಸುರಂಗ ಕೊರೆದು ಸಂಸಾರ ಹೂಡಿರುತ್ತದೆ, ಅಕ್ಕನ ಕೋಳಿಗಳಿಗೂ ಹಿಂದೆ ಬಂದಿತ್ತು, ಎಲ್ಲ ಗೊತ್ತು ಅವಳಿಗೆ. ನೆನೆಸಿ, ಉಜ್ಜಿ, ಒರೆಸಿ, ಬೆರಳ ಸಂದಿಯಲ್ಲೆಲ್ಲ ವ್ಯಾಸಲಿನ್ ಮೆತ್ತಿದರೆ ನುಸಿ ಉಸಿರುಗಟ್ಟಿ ಸಾಯುತ್ತದೆ. ಒಂದು ಸಲಕ್ಕೆ ಮುಗಿಯುವುದಿಲ್ಲ, ವಾರ ವಾರ ಮಾಡಬೇಕು. "ಇವನ್ನ ಹೀಗೇ ಕರ್ಕೊಂಡು ಹೋದ್ರೆ ಅಲ್ಲಿನವಕ್ಕೂ ಹತ್ತುತ್ತೆ. ವಾಸಿ ಆಗೋವರೆಗೂ ಇಲ್ಲೇ ಇರಲಿ. ನಿಮ್ಮ ರಜೆ ದಿನ ನಾನೇ ಬಂದು ಮಾಡ್ತೀನಿ," ಎಂದಿದ್ದಳು. ಅವನ ಎದೆಯೊಳಗೆ ಏನೋ ಕುಣಿದಾಡಿತು. ಅದನ್ನು ಮುಖದ ಮೇಲೆ ತರದೆ, "ಹೂಂ," ಎಂದಿದ್ದ.

ಈಗ ಅವನು ಗೂಡಿನೊಳಗೆ ಕೈ ಹಾಕಿ ಪೈಜಾಮಿಯನ್ನು ಎತ್ತಿಕೊಂಡ. ಅದು ಒದ್ದಾಡಲೇ ಇಲ್ಲ. ಎಂದೂ ಅವನ ಕೈಗೆ ಸಿಗದೆ ಹಿತ್ತಿಲೆಲ್ಲ ಓಡಿಸುತ್ತಿದ್ದ ಕೋಳಿ ಈಗ ಹತ್ತಿಯ ಗಂಟಿನಂತೆ ಬಂದು ತೋಳಲ್ಲಿ ಕೂತಿತು. ಪುಕ್ಕ ಸರಿಸಿ ನೋಡಿದ. ಎರಡೂ ಕಾಲು ದಪ್ಪಗೆ ಊದಿ, ಹುರುಪೆಯ ಮೇಲೆ ಹುರುಪೆ ಕೂತು, ಒಂದು ಬೆರಳು ಬಣ್ಣಗೆಟ್ಟು ಮಡಚಲಾಗದೆ ಸೆಟೆದಿತ್ತು. ರಾತ್ರಿ ಕೋಲನ್ನು ಹಿಡಿದು ಕೂರಲಾರದೆ ಅದು ನೆಲದ ಮೇಲೆಯೇ ಬಿದ್ದುಕೊಂಡಿರಬೇಕು. ಓಡಿಹೋಗಿ ನೀರಿಟ್ಟರೆ, ಈಗಲೇ ಕೋಲು ತೊಳೆದರೆ, ಎಂದುಕೊಂಡ; ಒಂದು ದಿನದಲ್ಲಿ ಏನು ತಾನೇ ಕಾಣಿಸುತ್ತದೆ, ಅವಳಿಗೆ ಗೊತ್ತಾಗುವುದಿಲ್ಲ, ಮುಂದಿನ ವಾರದಿಂದ ಸುಧಾರಿಸುತ್ತದೆ, ಆದರೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಇಂಥ ಹೊತ್ತಿನಲ್ಲೂ ತಿಂಗಳುಗಳ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ನಾಚಿಕೆಯಾಗಿ, ಕೋಳಿಯ ಬೆನ್ನನ್ನು ಸವರಿದ. ಅದು ಕಣ್ಣು ಮುಚ್ಚಿಕೊಂಡಿತು. ಅದಕ್ಕೆ ಅವನ ಮೇಲೆ ಸಿಟ್ಟೂ ಇರಲಿಲ್ಲ.

ಮುಂಬಾಗಿಲ ಚಿಲಕದ ಸದ್ದಾಯಿತು. ಎಂದಿನಂತೆ ಅವಳು ಬುಟ್ಟಿಯನ್ನು ಅಡಿಗೆಮನೆಯಲ್ಲಿಟ್ಟು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬ್ರಷ್ಷು ವ್ಯಾಸಲಿನ್ ಡಬ್ಬಿ ಹಿಡಿದು ಹಿತ್ತಿಲಿಗೆ ಬಂದಳು. ಎಡಗಾಲನ್ನು ಕೊಂಚ ಎಳೆದು ಹಾಕುತ್ತಿದ್ದಳು. ಮಂಡಿ ನೋವಿದೆಯಾ ಎಂದು ಕೇಳಬೇಕೆಂದು ಎಷ್ಟೋ ವಾರಗಳಿಂದ ಅವನ ನಾಲಿಗೆಯ ತುದಿಯಲ್ಲಿತ್ತು. "ಬಸ್ಸು ಸಿಕ್ತಾ?" ಎಂದ.

"ಸಿಗದೆ ನಡ್ಕೊಂಡು ಬಂದ್ನಾ?" ಎಂದು ಅವಳು ಸಣ್ಣಗೆ ನಕ್ಕು, ಗೂಡಿನತ್ತ ಕಣ್ಣು ಹಾಯಿಸಿ, "ಕೋಲು ತೊಳೆದಿದ್ದೀರಲ್ಲ, ಪರವಾಗಿಲ್ಲ," ಎಂದಳು. ಆ ಪರವಾಗಿಲ್ಲ ಅವನಿಗೆ ಚುಚ್ಚಿತು. ನೀರು ಬೆಚ್ಚಗೆ ಮಾಡಿ ಬೋಗುಣಿಗೆ ಹೊಯ್ದರು. "ಮೊದಲು ಪೈಜಾಮಿ ಕೊಡಿ," ಎಂದು ಅವಳು ಮಣೆಯ ಮೇಲೆ ಕೂತು ಪುಕ್ಕ ಸರಿಸಿದಳು. ಸರಿಸಿದವಳ ಕೈ ಅಲ್ಲಿಯೇ ನಿಂತಿತು.

ಬ್ರಷ್ಷನ್ನು ನೆಲಕ್ಕಿಟ್ಟು, ಆ ಬಣ್ಣಗೆಟ್ಟ ಬೆರಳನ್ನು ತನ್ನ ಎರಡು ಬೆರಳ ನಡುವೆ ಹಿಡಿದಳು.

"ಇದು ನನ್ನಿಂದಾಗಿದ್ದು," ಎಂದಳು.

"ಏನು?"

"ಹೋದ ವಾರ ಒಂದು ಹುರುಪೆ ಕಿತ್ತುಬಿಟ್ಟೆ. ಕೀಳಬಾರದು ಅಂತ ಗೊತ್ತು, ಬಸ್ಸಿಗೆ ಹೊತ್ತಾಗುತ್ತೆ ಅಂತ ಅವಸರ ಮಾಡಿದೆ. ರಕ್ತ ಬಂತು, ನಿಮಗೆ ಹೇಳಲಿಲ್ಲ. ಈಗ ನೋಡಿ, ಬೆರಳೇ ಹೋಗುತ್ತೇನೋ." ಅವಳ ದನಿ ಒಡೆಯಿತು. "ಮುಂಚೆ ಆದ್ರೆ ದಿನಾ ಒಂದೊಂದನ್ನೂ ಎತ್ಕೊಂಡು ಕಾಲು ನೋಡ್ತಿದ್ದೆ. ಬಿಟ್ಟು ಹೋದವಳು ನಾನು. ನೋಡ್ಕೊಳ್ಳೋಕೆ ಆಗದವಳು ಸಾಕಬಾರದಿತ್ತು. ನಾನು ಬಿಟ್ಟು ಹೋಗಿದ್ದಕ್ಕೇ ಇವಕ್ಕೆ ಹೀಗಾಯ್ತು."

ಬಿಟ್ಟು ಹೋದವಳು ಎಂಬ ಮಾತನ್ನು ಇಬ್ಬರೂ ಇದುವರೆಗೆ ಆಡಿರಲಿಲ್ಲ. ಈಗ ಅದು ಇಬ್ಬರ ನಡುವೆ, ಬೋಗುಣಿಯ ನೀರಿನ ಮೇಲೆ ಇತ್ತು. ಅವಳು ಅಳುತ್ತಿದ್ದಳು, ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತಿದ್ದಳು. ಅವನು ಸುಮ್ಮನಿದ್ದರೆ ಸಾಕಾಗಿತ್ತು. ಹೌದು, ನೀನು ಹೋದದ್ದರಿಂದಲೇ, ವಾಪಸು ಬಂದುಬಿಡು ಎಂದು ಈಗ ಮೆಲ್ಲಗೆ ಹೇಳಿದರೆ ಅವಳು ಬಂದೇ ಬಿಡುತ್ತಿದ್ದಳೇನೋ, ಇವತ್ತೇ, ಬುಟ್ಟಿಯನ್ನು ಅಡಿಗೆಮನೆಯಿಂದ ಎತ್ತದೆಯೇ. ಅವನಿಗೆ ಅವಳು ಬೇಕಾಗಿದ್ದಳು. ಆದರೆ ಅವಳು ತನ್ನದಲ್ಲದ ತಪ್ಪನ್ನು ಹೀಗೆ ಎರಡೂ ಕೈಯಲ್ಲಿ ಹಿಡಿದು ಕೂತಿರುವುದನ್ನು ನೋಡುತ್ತ ಬಾಯಿ ಮುಚ್ಚಿಕೊಂಡಿರುವುದು ಅವನಿಂದ ಆಗಲಿಲ್ಲ.

"ನಿನ್ನಿಂದ ಅಲ್ಲ," ಎಂದ. "ಕೋಲು ತೊಳೆದಿಲ್ಲ ನಾನು."

"ಒದ್ದೆ ಇದೆಯಲ್ಲ."

"ತಣ್ಣೀರು. ಬೆಳಿಗ್ಗೆ ಸುರಿದೆ. ನೀನು ಬರ್ತೀಯ ಅಂತ."

ಅವಳಿಗೆ ಅರ್ಥವಾಗಲಿಲ್ಲ. ಕೋಳಿಯನ್ನು ಅವನ ಕೈಗೆ ಕೊಟ್ಟು ಎದ್ದು ಹೋಗಿ, ಕೋಲನ್ನು ಎಳೆದು ತಂದು, ತಲೆಯ ಪಿನ್ನು ತೆಗೆದು ಬಿರುಕಿನೊಳಗೆ ಗೀರಿದಳು. ಕೊಳೆ, ಉದುರಿದ ಹುರುಪೆ, ಬೂದು ಪುಡಿ ಹಿಡಿಹಿಡಿಯಾಗಿ ಬಿತ್ತು.

"ಯಾವಾಗಿಂದ?"

"ಮೊದಲಿಂದಲೂ."

"ಮರೆತ್ರಾ?"

"ಇಲ್ಲ," ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಬೇಕಂತಲೇ. ವಾಸಿ ಆದ್ರೆ ನೀನು ಬರೋದು ನಿಂತುಹೋಗುತ್ತಲ್ಲ."

ಅವಳು ಅವನನ್ನು ನೋಡಿದಳು. ಸಿಟ್ಟು ಬರುತ್ತದೆಂದು ಅವನು ಕಾದ. ಬೈಗುಳಕ್ಕಾಗಿ, ಬೋಗುಣಿಯ ನೀರು ಮುಖಕ್ಕೆ ಎರಚುತ್ತಾಳೆಂದು ಕೂಡ ಕಾದ. ಅವಳು ಮಾತ್ರ ಮಣೆಯ ಮೇಲೆ ಮತ್ತೆ ಕೂತು, ಪೈಜಾಮಿಯನ್ನು ತೆಗೆದುಕೊಂಡು, ಕಾಲನ್ನು ನೀರಿಗಿಳಿಸಿ ಉಜ್ಜತೊಡಗಿದಳು. ಅವನ ಕೈ ತಾಗದಂತೆ ಒಬ್ಬಳೇ, ಕೋಳಿಯನ್ನು ಮೊಣಕೈಯಿಂದ ಒತ್ತಿ ಹಿಡಿದುಕೊಂಡು. ಒರೆಸಿ, ಸಂದಿಸಂದಿಗೆ ವ್ಯಾಸಲಿನ್ ಮೆತ್ತಿ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಕೋಳಿಯನ್ನು ಹಳೆಯ ಟವೆಲಿನಲ್ಲಿ ಸುತ್ತುತ್ತ ಹೇಳಿದಳು:

"ಅಕ್ಕನ ಹಿತ್ತಿಲಲ್ಲಿ ಇನ್ನೊಂದು ಗೂಡು ಖಾಲಿ ಬಿದ್ದಿದೆ. ಆ ತುದೀಲಿ. ಮೊದಲನೇ ದಿನಾನೇ ಇವನ್ನ ತಗೊಂಡು ಹೋಗಿ ಅದರಲ್ಲಿ ಬೇರೆ ಇಟ್ಟು ನಾನೊಬ್ಬಳೇ ಮದ್ದು ಮಾಡಬಹುದಿತ್ತು. ಅಕ್ಕ ಅದನ್ನೇ ಹೇಳಿದಳು. ಈ ಮಂಡಿ ಇಟ್ಕೊಂಡು ಎರಡು ಬಸ್ಸು ಹತ್ತಿ ಇಳಿದು ವಾರ ವಾರ ಇಲ್ಲಿಗೆ ಯಾಕೆ ಬರ್ತಾ ಇದ್ದೆ? ನಿಮಗೆ ಹೊಳೀಲೇ ಇಲ್ವಾ?"

ಅವನಿಂದ ಹೂಂ ಕೂಡ ಬರಲಿಲ್ಲ.

ಅವಳು ಒಳಗೆ ಹೋಗಿ ಬುಟ್ಟಿ ತಂದು, ಅದರಲ್ಲಿ ಪೈಜಾಮಿಯನ್ನು ಕೂರಿಸಿ ಮೇಲೆ ಬಟ್ಟೆ ಕಟ್ಟಿದಳು. ಸೆರಗನ್ನು ಸೊಂಟದಿಂದ ಬಿಡಿಸಿಕೊಂಡಳು. "ಇದನ್ನ ಡಾಕ್ಟರಿಗೆ ತೋರಿಸ್ಬೇಕು. ಆ ಎರಡನ್ನ ನೀವೇ ನೋಡ್ಕೊಳ್ಳಿ. ನೀರು ಕುದೀಲಿ, ಬರೀ ಬಿಸಿಯಾದ್ರೆ ಸಾಲದು," ಎಂದಳು. ಬ್ರಷ್ಷು ಡಬ್ಬಿಗಳನ್ನು ಬಾವಿಕಟ್ಟೆಯ ಮೇಲೆಯೇ ಬಿಟ್ಟಳು.

"ಬಸ್‌ಸ್ಟಾಪಿನವರೆಗೂ ಬುಟ್ಟಿ ಹಿಡ್ಕೊಂಡು ಬರ್ತೀನಿ."

"ಬೇಡ."

"ಮಂಡಿ ನೋವಿದೆಯಲ್ಲ."

ಅವಳು ಬಾಗಿಲಲ್ಲಿ ನಿಂತಳು. ಒಂದು ಕ್ಷಣ ಅವನಿಗೆ ಎಲ್ಲವೂ ಸರಿಹೋಗಿಬಿಡುತ್ತದೆ ಎನ್ನಿಸಿತು. "ಈಗ ಕೇಳ್ತಿದ್ದೀರಾ?" ಎಂದಳು, ತಿರುಗದೆಯೇ, ಕೆಟ್ಟ ದನಿಯಲ್ಲಲ್ಲ, ದಣಿದ ದನಿಯಲ್ಲಿ. "ಬರೋ ವಾರ ಕಾಯ್ಕೊಂಡು ಕೂರಬೇಡಿ." ಚಿಲಕದ ಸದ್ದಾಯಿತು. ಬೀದಿಯಲ್ಲಿ ಅವಳ ಹೆಜ್ಜೆ, ಒಂದು ಗಟ್ಟಿ ಒಂದು ಮೆತ್ತಗೆ, ತಿರುವಿನವರೆಗೂ ಕೇಳಿಸಿತು.

ನೀರು ಆರುತ್ತಿತ್ತು. ಅವನು ಒಳಗೆ ಹೋಗಿ ಒಂದು ಪಾತ್ರೆ ಕುದಿಯಲು ಇಟ್ಟು, ಇನ್ನೊಂದನ್ನು ಬೆಚ್ಚಗೆ ಮಾಡಿಕೊಂಡು ಬಂದ. ಬೂದಿಯನ್ನು ಹಿಡಿಯಲು ಹಿತ್ತಿಲೆಲ್ಲ ಓಡಿದ. ಕೊನೆಗೆ ಗೋಡೆಯ ಮೂಲೆಯಲ್ಲಿ ಅಡ್ಡಗಟ್ಟಿ ಹಿಡಿದು, ಅವಳು ಕೂತಿದ್ದ ಮಣೆಯ ಮೇಲೆ ಕೂತ. ಇದು ಇಬ್ಬರ ಕೆಲಸ. ಒಂದು ಕೈಯಲ್ಲಿ ಕೋಳಿ, ಒಂದು ಕೈಯಲ್ಲಿ ಬ್ರಷ್ಷು. ಅದು ರೆಕ್ಕೆ ಬಡಿದು ಅರ್ಧ ನೀರನ್ನು ಅವನ ಎದೆಗೆ ಎರಚಿತು. ಅವನು ಬಿಡಲಿಲ್ಲ. ಮೊಣಕೈಯಿಂದ ಒತ್ತಿ ಹಿಡಿದು, ಹುರುಪೆ ಕೀಳದಂತೆ, ಮೇಲಿನಿಂದ ಕೆಳಕ್ಕೆ, ಮೆಲ್ಲಗೆ ಉಜ್ಜಿದ. ಹೊಳೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದ. ಹೊಳೆದಿದ್ದರೆ ಮೊದಲ ವಾರವೇ ಕೋಲು ತೊಳೆಯುತ್ತಿದ್ದ, ಕೋಳಿಗಳು ವಾಸಿಯಾಗುತ್ತಿದ್ದವು, ಅವಳು ಆಗಲೂ ಬರುತ್ತಿದ್ದಳು.

"ಹೊಳೀಲಿಲ್ಲ ಕಣೇ," ಎಂದ ಗಟ್ಟಿಯಾಗಿ. ಕೆಂಚಿ ಕೆದಕುವುದನ್ನು ನಿಲ್ಲಿಸಿ ಕತ್ತು ವಾರೆ ಮಾಡಿ ನೋಡಿತು. ಬೂದಿ ಇನ್ನೊಂದು ಕಾಲನ್ನು ಹೊಟ್ಟೆಯ ಪುಕ್ಕದೊಳಗೆ ಎಳೆದುಕೊಂಡಿತ್ತು. ಅವನು ಅದನ್ನು ಬಿಡಿಸಿ ನೀರಿಗಿಳಿಸಿದ.